ಬ್ರೌಸರ್‌ನಲ್ಲೇ ಸ್ಕ್ರೀನ್ ರೆಕಾರ್ಡಿಂಗ್: ವಿಡಿಯೋ ಎಲ್ಲಿಗೆ ಹೋಗುತ್ತದೆ, ಗೊತ್ತಾಗುವುದು ಹೇಗೆ

ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವ ಕ್ರಮವನ್ನು ಊರಲ್ಲಿರುವ ಅಣ್ಣನಿಗೆ ತೋರಿಸಬೇಕು. ಜಿಎಸ್‌ಟಿ ಪೋರ್ಟಲ್ ಎಲ್ಲಿ ಕೈಕೊಡುತ್ತಿದೆ ಎಂದು ಆಡಿಟರಿಗೆ ಕಳಿಸಬೇಕು. ಒಂದು ಲೆಕ್ಕ ಬಿಡಿಸಿ ಹತ್ತನೇ ತರಗತಿಯ ಗುಂಪಿಗೆ ಹಾಕಬೇಕು. ಇಂಥ ಕೆಲಸಕ್ಕೆ ಈಗ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಬೇಕಿಲ್ಲ. ಒಂದು ವೆಬ್ ಪುಟ ತೆರೆದು ಬಟನ್ ಒತ್ತಿದರೆ ಸಾಕು, ಪರದೆ ವಿಡಿಯೋ ಆಗುತ್ತದೆ. ಅಂಥ ಪುಟಗಳಲ್ಲಿ ಹೆಚ್ಚಿನವು ‘ಖಾಸಗಿ’, ‘ಏನೂ ಅಪ್‌ಲೋಡ್ ಆಗುವುದಿಲ್ಲ’ ಎಂದು ಮೊದಲ ಸಾಲಿನಲ್ಲೇ ಬರೆದುಕೊಂಡಿರುತ್ತವೆ. ಕೆಲವು ಹೇಳಿದಂತೆ ನಡೆಯುತ್ತವೆ, ಕೆಲವು ನಡೆಯುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಆದರೆ ಐದು ನಿಮಿಷ ಕೊಟ್ಟರೆ ಇದನ್ನು ಯಾರ ಮಾತನ್ನೂ ನಂಬದೆ ನೀವೇ ಪರೀಕ್ಷಿಸಿಕೊಳ್ಳಬಹುದು. ಅದಕ್ಕೆ ಮೊದಲು ಒಳಗೆ ಏನು ನಡೆಯುತ್ತದೆ ಎಂದು ಸ್ವಲ್ಪ ತಿಳಿದಿರಬೇಕು.

ಹಿಡಿಯುವುದು ಒಂದು, ಬರೆಯುವುದು ಇನ್ನೊಂದು

ಬ್ರೌಸರ್ ರೆಕಾರ್ಡರಿನಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಪರದೆಯ ಚಿತ್ರವನ್ನು ಹಿಡಿದು ಪುಟಕ್ಕೆ ಕೊಡುವ ಸೌಲಭ್ಯ. ಅದರ ಹೆಸರು ಗೆಟ್‌ಡಿಸ್‌ಪ್ಲೇಮೀಡಿಯಾ. ಗೂಗಲ್ ಮೀಟ್‌ನಂಥ ಕಡೆ ‘ಪರದೆ ಹಂಚಿಕೊಳ್ಳಿ’ ಎಂದಾಗ ಓಡುವುದೂ ಇದೇ. 2019ರಲ್ಲಿ ಕ್ರೋಮ್ 72, ಫೈರ್‌ಫಾಕ್ಸ್ 66, ಸಫಾರಿ 13 ಈ ಮೂರರಲ್ಲೂ ಇದು ಬಂತು. ಅದಕ್ಕೆ ಮೊದಲು ಕ್ರೋಮ್‌ನಲ್ಲಿ ಪರದೆ ಹಿಡಿಯಬೇಕಾದರೆ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಜೋಡಿಸುವ ಪುಟ್ಟ ಪ್ರೋಗ್ರಾಂ) ಹಾಕಿಕೊಳ್ಳಬೇಕಿತ್ತು.

ಎರಡನೆಯದು ಮೀಡಿಯಾರೆಕಾರ್ಡರ್. ಹರಿದು ಬರುವ ಚಿತ್ರ ಮತ್ತು ಧ್ವನಿಯನ್ನು ಕುಗ್ಗಿಸಿ ವಿಡಿಯೋ ಫೈಲಿನ ತುಂಡುಗಳನ್ನಾಗಿ ಮಾಡುವುದು ಇದರ ಕೆಲಸ. ಕುಗ್ಗಿಸುವ ಶ್ರಮವೆಲ್ಲ ನಿಮ್ಮ ಕಂಪ್ಯೂಟರಿನದೇ. ಫ್ಯಾನ್ ಜೋರಾಗಿ ತಿರುಗುವುದು ಅದಕ್ಕೇ. ತುಂಡುಗಳು ಮೆಮೊರಿಯಲ್ಲಿ ಅಥವಾ ಬ್ರೌಸರ್ ತನಗಾಗಿ ಇಟ್ಟುಕೊಂಡ ಡಿಸ್ಕ್ ಜಾಗದಲ್ಲಿ ಸೇರುತ್ತಾ ಹೋಗುತ್ತವೆ. ನಿಲ್ಲಿಸಿದ ಮೇಲೆ ಅವನ್ನೆಲ್ಲ ಜೋಡಿಸಿ ಒಂದು ಫೈಲ್ ಮಾಡಿ ಡೌನ್‌ಲೋಡ್ಸ್ ಫೋಲ್ಡರಿಗೆ ಇಳಿಸಲಾಗುತ್ತದೆ. ಈ ದಾರಿಯಲ್ಲಿ ಎಲ್ಲೂ ಸರ್ವರ್ ಬೇಕಾಗುವುದಿಲ್ಲ. ‘ಖಾಸಗಿ’ ಎನ್ನುವ ಮಾತು ಸಾಧ್ಯವಾಗಿರುವುದು ಇದರಿಂದಲೇ. ಆದರೆ ಅದೇ ತುಂಡುಗಳನ್ನು ಬರುತ್ತಿದ್ದ ಹಾಗೇ ಸರ್ವರಿಗೆ ಸಾಗಿಸಲು ಹತ್ತು ಸಾಲು ಕೋಡ್ ಸಾಕು. ಬಳಸುವವರಿಗೆ ಅದರ ಸುಳಿವೂ ಹತ್ತುವುದಿಲ್ಲ.

ಬ್ರೌಸರ್ ಮೂರು ಬೇಲಿ ಹಾಕಿದೆ. ಪುಟದ ವಿಳಾಸ ಎಚ್‌ಟಿಟಿಪಿಎಸ್ ಎಂದು ಶುರುವಾಗುವ ಸುರಕ್ಷಿತ ಸಂಪರ್ಕದ್ದಾಗಿರಬೇಕು. ನೀವು ಒತ್ತದೆ ಅದು ತಾನಾಗಿ ಶುರುವಾಗುವಂತಿಲ್ಲ. ಪ್ರತಿ ಸಲವೂ ಯಾವ ಪರದೆ ಎಂದು ಕೇಳಲೇಬೇಕು. ಕ್ಯಾಮೆರಾ, ಮೈಕ್‌ಗಳಿಗೆ ಇರುವ ‘ಯಾವಾಗಲೂ ಅನುಮತಿಸಿ’ ಎನ್ನುವ ಆಯ್ಕೆ ಇಲ್ಲಿಲ್ಲ. ಆಯ್ಕೆಯ ಕಿಟಕಿಯನ್ನು ತೋರಿಸುವುದೂ ಬ್ರೌಸರೇ ಹೊರತು ಪುಟವಲ್ಲ. ನಿಮ್ಮಲ್ಲಿ ಯಾವ ಯಾವ ವಿಂಡೋಗಳು ತೆರೆದಿವೆ ಎಂಬುದು ನೀವು ಒಂದನ್ನು ಆರಿಸುವವರೆಗೆ ಪುಟಕ್ಕೆ ಗೊತ್ತಿರುವುದಿಲ್ಲ. ಆರಿಸಿದ ಕ್ಷಣದಿಂದ ಮಾತ್ರ ಕಥೆ ಬೇರೆ. ಆ ಪುಟದಲ್ಲಿ ಓಡುತ್ತಿರುವ ಎಲ್ಲ ಸ್ಕ್ರಿಪ್ಟ್‌ಗಳ (ಪುಟದೊಳಗಿನ ಸಣ್ಣ ಪ್ರೋಗ್ರಾಂಗಳ) ಕೈಗೂ ಆ ಚಿತ್ರ ಎಟುಕುತ್ತದೆ. ಪುಟದವರು ತಾವೇ ಸೇರಿಸಿಕೊಂಡ ಜಾಹೀರಾತಿನ ಸ್ಕ್ರಿಪ್ಟ್, ಭೇಟಿ ಕೊಟ್ಟವರನ್ನು ಎಣಿಸುವ ಸ್ಕ್ರಿಪ್ಟ್ ಕೂಡ ಪುಟದ ಅಧಿಕಾರದಲ್ಲೇ ಓಡುತ್ತವೆ. ಹಾಗಾಗಿ ಜಾಹೀರಾತು ತುಂಬಿದ ರೆಕಾರ್ಡರ್ ಪುಟವನ್ನು, ಅದು ಎಷ್ಟೇ ಪ್ರಾಮಾಣಿಕವಾಗಿರಲಿ, ಬ್ಯಾಂಕ್ ಪರದೆ ತೋರಿಸಲು ಬಳಸದಿರುವುದು ಒಳ್ಳೆಯದು.

ಎಕ್ಸ್‌ಟೆನ್ಶನ್ ರೂಪದ ರೆಕಾರ್ಡರುಗಳ ಲೆಕ್ಕ ಇನ್ನೂ ಬೇರೆ. ಪುಟದ ಟ್ಯಾಬ್ ಮುಚ್ಚಿದರೆ ಅದರ ಅಧಿಕಾರ ಮುಗಿಯಿತು. ಎಕ್ಸ್‌ಟೆನ್ಶನ್ ಹಾಗಲ್ಲ, ತೆಗೆದುಹಾಕುವವರೆಗೆ ಉಳಿದಿರುತ್ತದೆ. ‘ಎಲ್ಲ ವೆಬ್‌ಸೈಟ್‌ಗಳಲ್ಲಿರುವ ನಿಮ್ಮ ಡೇಟಾ ಓದಬಹುದು, ಬದಲಿಸಬಹುದು’ ಎಂಬ ಅನುಮತಿ ಕೇಳಿದರೆ, ವಾರಕ್ಕೊಮ್ಮೆ ಐದು ನಿಮಿಷ ರೆಕಾರ್ಡ್ ಮಾಡುವವರು ಅಷ್ಟು ದೊಡ್ಡ ಬೀಗದ ಕೈ ಕೊಡಬೇಕಾಗಿಲ್ಲ.

ಐದು ನಿಮಿಷದ ಪರೀಕ್ಷೆ

ಸುಲಭದ ದಾರಿ ವೈಫೈ ಆಫ್ ಮಾಡುವುದು. ರೆಕಾರ್ಡರ್ ಪುಟ ಪೂರ್ತಿ ತೆರೆದುಕೊಳ್ಳಲಿ. ಆಮೇಲೆ ವೈಫೈ ಆಫ್ ಮಾಡಿ, ಕೇಬಲ್ ಇದ್ದರೆ ಕಿತ್ತು, ಮೂವತ್ತು ಸೆಕೆಂಡ್ ರೆಕಾರ್ಡ್ ಮಾಡಿ. ನಿಲ್ಲಿಸಿ. ಫೈಲ್ ಉಳಿಸಿ, ತೆರೆದು ನೋಡಿ. ನೆಟ್ ಇಲ್ಲದೆಯೇ ಫೈಲ್ ಕೈಗೆ ಬಂತೆಂದರೆ ವಿಡಿಯೋ ತಯಾರಿಗೆ ಸರ್ವರ್ ಬೇಕಾಗಲಿಲ್ಲ ಎಂದರ್ಥ.

ಇಷ್ಟಕ್ಕೇ ತೃಪ್ತಿಪಟ್ಟರೆ ಅರ್ಧ ಪರೀಕ್ಷೆ. ನೆಟ್ ಇಲ್ಲದಾಗ ತುಂಡುಗಳನ್ನು ಬ್ರೌಸರಿನಲ್ಲೇ ಇಟ್ಟುಕೊಂಡು, ನೆಟ್ ಬಂದ ಕೂಡಲೇ ಕಳಿಸುವ ವ್ಯವಸ್ಥೆಯನ್ನೂ ಪುಟದೊಳಗೆ ಕಟ್ಟಬಹುದು. ಆದ್ದರಿಂದ ಎರಡನೇ ಹಂತವಾಗಿ ನೆಟ್ ಇರುವಾಗ ಎಷ್ಟು ಹೊರಗೆ ಹೋಯಿತು ಎಂದು ಅಳೆಯಬೇಕು. ಇಲ್ಲಿ ಹಲವರು ಎಡವುತ್ತಾರೆ. ಎಫ್12 ಒತ್ತಿ ನೆಟ್‌ವರ್ಕ್ ಎಂಬ ವಿಭಾಗ ತೆರೆದು, ‘ಸೈಜ್’ ಕಾಲಂನಲ್ಲಿ ದೊಡ್ಡ ಅಂಕಿ ಕಾಣಲಿಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಆ ಕಾಲಂ ತೋರಿಸುವುದು ಒಳಗೆ ಬಂದದ್ದರ ಗಾತ್ರ. ನಮಗೆ ಬೇಕಾದ್ದು ಹೊರಗೆ ಹೋದದ್ದು. ನೆಟ್‌ವರ್ಕ್ ವಿಭಾಗದಲ್ಲಿ ನೋಡಬೇಕಾದ್ದು ಮೆಥಡ್ ಕಾಲಂ. ಅದು ಕಾಣದಿದ್ದರೆ ಕಾಲಂಗಳ ಶೀರ್ಷಿಕೆಯ ಮೇಲೆ ಬಲಕ್ಲಿಕ್ ಮಾಡಿ ಸೇರಿಸಿಕೊಳ್ಳಿ. ರೆಕಾರ್ಡಿಂಗ್ ನಡೆಯುತ್ತಿರುವಾಗ ಅಲ್ಲಿ ಪೋಸ್ಟ್ ಅಥವಾ ಪುಟ್ (ಹೊರಗೆ ಕಳಿಸುವ ಬಗೆಗಳು) ಎಂಬ ಸಾಲುಗಳು ಒಂದೆರಡು ಸೆಕೆಂಡಿಗೊಮ್ಮೆ ಬೀಳುತ್ತಿದ್ದರೆ ಏನೋ ಸಾಗುತ್ತಿದೆ ಎಂದು ತಿಳಿಯಿರಿ. ವೆಬ್‌ಸಾಕೆಟ್ ಎಂಬ ಸದಾ ತೆರೆದಿರುವ ಸಂಪರ್ಕದ ಮೂಲಕ ಕಳಿಸಿದರೆ ಒಂದೇ ಸಾಲು ಇರುತ್ತದೆ, ಅದರ ಒಳಗೆ ಸಂದೇಶಗಳು ಬೆಳೆಯುತ್ತಾ ಹೋಗುತ್ತವೆ. ವಿಡಿಯೋ ಕರೆಗಳು ಬಳಸುವ ವೆಬ್‌ಆರ್‌ಟಿಸಿ ಮೂಲಕ ಹೋದರಂತೂ ಚಿತ್ರ ಈ ಪಟ್ಟಿಗೇ ಬರುವುದಿಲ್ಲ.

ಅದಕ್ಕೇ ನನ್ನ ಒಲವು ಬ್ರೌಸರಿನಾಚೆ ನಿಂತು ಅಳೆಯುವ ಕಡೆಗೆ. ವಿಂಡೋಸ್‌ನಲ್ಲಿ ರಿಸೋರ್ಸ್ ಮಾನಿಟರ್ ತೆರೆದರೆ ನೆಟ್‌ವರ್ಕ್ ವಿಭಾಗದಲ್ಲಿ ಯಾವ ಪ್ರೋಗ್ರಾಂ ಸೆಕೆಂಡಿಗೆ ಎಷ್ಟು ಬೈಟ್ ಕಳಿಸುತ್ತಿದೆ ಎಂದು ಕಾಣುತ್ತದೆ. ಮ್ಯಾಕ್‌ನಲ್ಲಿ ಆಕ್ಟಿವಿಟಿ ಮಾನಿಟರಿನ ನೆಟ್‌ವರ್ಕ್ ವಿಭಾಗದಲ್ಲಿ ‘ಕಳಿಸಿದ ಬೈಟ್‌ಗಳು’ ಎಂಬ ಕಾಲಂ ಇದೆ. ಬೇರೆ ಟ್ಯಾಬ್‌ಗಳನ್ನು ಮುಚ್ಚಿ, ಡ್ರೈವ್ ಸಿಂಕ್‌ನಂಥವನ್ನು ನಿಲ್ಲಿಸಿ, ಐದು ನಿಮಿಷ ರೆಕಾರ್ಡ್ ಮಾಡಿ. ಆಮೇಲೆ ಒಂದು ಸಣ್ಣ ಹೋಲಿಕೆ: ಫೈಲ್ 60 ಎಂಬಿ ಆಗಿದೆ ಎನ್ನಿ, ಬ್ರೌಸರ್ ಹೊರಗೆ ಕಳಿಸಿದ್ದು ಒಂದೆರಡು ಎಂಬಿಯೊಳಗೇ ಇದೆ ಎಂದರೆ ಇಡೀ ವಿಡಿಯೋ ಹೋಗಿಲ್ಲ. ಕಳಿಸಿದ್ದೂ 60ರ ಆಸುಪಾಸಿನಲ್ಲಿದ್ದರೆ ಹೋಗಿದೆ. ಪುಟ ಏನೇ ಹೇಳಲಿ, ಈ ಅಂಕಿಯನ್ನು ಅದು ಮುಚ್ಚಿಡಲಾರದು.

ಪರೀಕ್ಷೆ ಮಾಡುವ ಮುನ್ನವೇ ಕೆಲವು ಸುಳಿವು ಸಿಗುತ್ತವೆ. ‘ನಿಲ್ಲಿಸಿ’ ಒತ್ತಿದ ಎರಡೇ ಸೆಕೆಂಡಿನಲ್ಲಿ ಹಂಚಿಕೊಳ್ಳುವ ಲಿಂಕ್ ಕೊಡುವ ಸೇವೆ ವಿಡಿಯೋವನ್ನು ಮೊದಲಿನಿಂದಲೂ ಅಪ್‌ಲೋಡ್ ಮಾಡುತ್ತಲೇ ಇತ್ತು. ಇಲ್ಲದಿದ್ದರೆ 180 ಎಂಬಿ ಫೈಲ್ 5 ಎಂಬಿಪಿಎಸ್ ಅಪ್‌ಲೋಡ್ ವೇಗದಲ್ಲಿ ಹೋಗಲು ಸುಮಾರು ಐದು ನಿಮಿಷ ಬೇಕು. ತಾನಾಗಿ ಅಡಿಬರಹ ಮೂಡಿಸುವ ಸೌಲಭ್ಯವೂ ಅನುಮಾನಕ್ಕೆ ಕಾರಣ. ಕ್ರೋಮ್‌ನಲ್ಲಿ ಪುಟಗಳು ಬಳಸುವ ಮಾತು ಗುರುತಿಸುವ ಸೌಲಭ್ಯ ಸಾಮಾನ್ಯವಾಗಿ ಧ್ವನಿಯನ್ನು ಸರ್ವರಿಗೆ ಕಳಿಸಿಯೇ ಅಕ್ಷರ ತರುತ್ತದೆ. ವಿಡಿಯೋ ನಿಮ್ಮಲ್ಲೇ ಉಳಿದು ಮಾತು ಮಾತ್ರ ಹೊರಗೆ ಹೋಗಿರಬಹುದು.

ಎರಡು ತಪ್ಪು ಗ್ರಹಿಕೆಗಳನ್ನು ಇಲ್ಲೇ ಮುಗಿಸಿಬಿಡೋಣ. ಇನ್‌ಕಾಗ್ನಿಟೋ ಕಿಟಕಿಯಲ್ಲಿ ರೆಕಾರ್ಡ್ ಮಾಡಿದರೆ ಖಾಸಗಿ ಆಗುವುದಿಲ್ಲ. ಅದು ನಿಮ್ಮ ಕಂಪ್ಯೂಟರಿನಲ್ಲಿ ಹಿಸ್ಟರಿ ಉಳಿಸುವುದಿಲ್ಲ, ಅಷ್ಟೇ. ಅಪ್‌ಲೋಡ್ ತಡೆಯುವ ಶಕ್ತಿ ಅದಕ್ಕಿಲ್ಲ. ಇನ್ನೊಂದು, ರೆಕಾರ್ಡಿಂಗ್ ಮುಗಿದ ಮೇಲೆ ಕಾಣುವ ‘ಬ್ಲಾಬ್’ ಎಂದು ಶುರುವಾಗುವ ವಿಳಾಸ. ಒಳಗೆ ಎಚ್‌ಟಿಟಿಪಿಎಸ್ ಇರುವುದು ನೋಡಿ ವಿಡಿಯೋ ಆಗಲೇ ಇಂಟರ್‌ನೆಟ್ಟಿನಲ್ಲಿದೆ ಎಂದು ಕೆಲವರು ಹೆದರುತ್ತಾರೆ, ಕೆಲವರು ಅದನ್ನೇ ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಅದು ನಿಮ್ಮ ಬ್ರೌಸರಿನ ಒಳಗಿನ ವಿಳಾಸ. ಬೇರೆಯವರ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ, ಟ್ಯಾಬ್ ಮುಚ್ಚಿದರೆ ನಿಮ್ಮಲ್ಲೂ ತೆರೆಯುವುದಿಲ್ಲ.

ಟ್ಯಾಬ್, ವಿಂಡೋ, ಇಡೀ ಪರದೆ

ಸರ್ವರಿನ ಬಗ್ಗೆ ಇಷ್ಟೆಲ್ಲ ಹೇಳಿದ ಮೇಲೂ, ದಿನನಿತ್ಯದ ಬಳಕೆಯಲ್ಲಿ ಗುಟ್ಟು ರಟ್ಟಾಗುವುದು ಹೆಚ್ಚಾಗಿ ಬೇರೆ ಬಾಗಿಲಿನಿಂದ. ವಿಡಿಯೋದೊಳಗೇ ಅದು ಕೂತಿರುತ್ತದೆ, ಕೂರಿಸಿದವರು ನಾವೇ.

ಕ್ರೋಮ್ ಮತ್ತು ಎಡ್ಜ್‌ನಲ್ಲಿ ಆಯ್ಕೆಯ ಕಿಟಕಿಯಲ್ಲಿ ಮೂರು ವಿಭಾಗಗಳಿರುತ್ತವೆ: ಟ್ಯಾಬ್, ವಿಂಡೋ, ಇಡೀ ಪರದೆ. ತೋರಿಸಬೇಕಾದ್ದು ಒಂದೇ ವೆಬ್‌ಸೈಟ್ ಆಗಿದ್ದರೆ ಕಣ್ಣುಮುಚ್ಚಿ ಟ್ಯಾಬ್ ಆರಿಸಿ. ಟ್ಯಾಬ್ ಹಿಡಿದಾಗ ಪುಟದ ಒಳಭಾಗ ಮಾತ್ರ ಬರುತ್ತದೆ. ವಿಳಾಸ ಪಟ್ಟಿ ಇಲ್ಲ, ಬುಕ್‌ಮಾರ್ಕ್‌ಗಳ ಸಾಲು ಇಲ್ಲ, ಪಕ್ಕದ ಟ್ಯಾಬ್‌ಗಳ ಹೆಸರಿಲ್ಲ, ಮೂಲೆಯಲ್ಲಿ ಹಾರಿಬರುವ ವಾಟ್ಸಾಪ್ ಸೂಚನೆಯೂ ಇಲ್ಲ. ಮೇಲೆ ಬೇರೆ ವಿಂಡೋ ಬಂದು ಮುಚ್ಚಿದರೂ ಟ್ಯಾಬ್‌ನ ಚಿತ್ರವೇ ಹರಿಯುತ್ತಿರುತ್ತದೆ. ಒಂದು ಎಚ್ಚರ: ಮಧ್ಯದಲ್ಲಿ ಬೇರೆ ಟ್ಯಾಬ್‌ಗೆ ಹೋದರೆ ‘ಈ ಟ್ಯಾಬ್ ಹಂಚಿಕೊಳ್ಳಿ’ ಎಂಬ ಬಟನ್ ಮೇಲ್ಗಡೆ ಕಾಣಿಸಬಹುದು. ಕೈತಪ್ಪಿ ಒತ್ತಿದರೆ ರೆಕಾರ್ಡಿಂಗ್ ಅಲ್ಲಿಗೆ ಜಿಗಿಯುತ್ತದೆ.

ಫೈರ್‌ಫಾಕ್ಸ್‌ನಲ್ಲಿ ಟ್ಯಾಬ್ ಒಂದನ್ನೇ ಹಿಡಿಯುವ ಆಯ್ಕೆ ಇಲ್ಲ, ವಿಂಡೋ ಅಥವಾ ಪರದೆ ಮಾತ್ರ. ಅಲ್ಲಿ ಹೊಸ ವಿಂಡೋ ತೆರೆದು, ಬೇಕಾದ ಒಂದೇ ಟ್ಯಾಬ್ ಇಟ್ಟುಕೊಂಡು, ಬುಕ್‌ಮಾರ್ಕ್ ಸಾಲು ಮರೆಮಾಡಿ ರೆಕಾರ್ಡ್ ಮಾಡಬಹುದು. ವಿಂಡೋ ಹಿಡಿಯುವಾಗ ಅದನ್ನು ಮಿನಿಮೈಜ್ ಮಾಡಬೇಡಿ. ಚಿತ್ರ ಅಲ್ಲೇ ಹೆಪ್ಪುಗಟ್ಟುತ್ತದೆ. ಕೆಲವು ಪ್ರೋಗ್ರಾಂಗಳ ಮೆನು, ಡ್ರಾಪ್‌ಡೌನ್ ಪಟ್ಟಿಗಳು ತಾಂತ್ರಿಕವಾಗಿ ಬೇರೆ ವಿಂಡೋಗಳಾಗಿರುವುದರಿಂದ ರೆಕಾರ್ಡಿಂಗ್‌ನಲ್ಲಿ ಕಾಣುವುದೇ ಇಲ್ಲ. ಟ್ಯಾಲಿಯಂಥ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ತೋರಿಸುವವರು ಮೊದಲು ಹತ್ತು ಸೆಕೆಂಡ್ ಪ್ರಯೋಗ ಮಾಡಿ ನೋಡಬೇಕು. ಮೆನು ಬರದಿದ್ದರೆ ಆಗ ಇಡೀ ಪರದೆಯೇ ಗತಿ. ಇಡೀ ಪರದೆಗೆ ಹೋಗುವ ಮುನ್ನ ವಿಂಡೋಸ್ 11ರಲ್ಲಿ ‘ಡು ನಾಟ್ ಡಿಸ್ಟರ್ಬ್’, ಮ್ಯಾಕ್‌ನಲ್ಲಿ ‘ಫೋಕಸ್’ ಆನ್ ಮಾಡಿ, ವಾಟ್ಸಾಪ್ ವೆಬ್ ಮುಚ್ಚಿಬಿಡಿ. ಇಡೀ ಪರದೆ ಹಿಡಿದು ಅದರಲ್ಲೇ ರೆಕಾರ್ಡರ್ ಪುಟದ ಮುನ್ನೋಟ ತೆರೆದಿಟ್ಟರೆ, ಕ್ಷೌರದಂಗಡಿಯ ಎದುರುಬದುರು ಕನ್ನಡಿಯ ಹಾಗೆ ಪರದೆಯೊಳಗೆ ಪರದೆ ಸಾಲುಗಟ್ಟುತ್ತದೆ. ಆ ಟ್ಯಾಬ್‌ನಿಂದ ಆಚೆ ಹೋದರೆ ಸರಿಹೋಗುತ್ತದೆ.

ಅರ್ಜಿ ತುಂಬುವುದನ್ನು ತೋರಿಸುವ ವಿಡಿಯೋದಲ್ಲಿ ಇನ್ನೊಂದು ಬಲೆ ಇದೆ. ಹೆಸರಿನ ಖಾನೆಯ ಮೇಲೆ ಕ್ಲಿಕ್ ಮಾಡಿದ ಕೂಡಲೇ ಬ್ರೌಸರ್ ಹಳೆಯ ನೆನಪಿನಿಂದ ಮನೆಯವರೆಲ್ಲರ ಹೆಸರು, ಫೋನ್ ನಂಬರ್, ಈಮೇಲ್‌ಗಳ ಪಟ್ಟಿ ಇಳಿಬಿಡುತ್ತದೆ. ಅರ್ಧ ಸೆಕೆಂಡ್ ಸಾಕು, ನೋಡುವವರು ವಿಡಿಯೋ ನಿಲ್ಲಿಸಿ ಓದಿಕೊಳ್ಳಬಹುದು. ಇದಕ್ಕೆ ರೆಕಾರ್ಡಿಂಗಿಗೆಂದೇ ಬ್ರೌಸರಿನಲ್ಲಿ ಹೊಸ ಪ್ರೊಫೈಲ್ ಮಾಡಿಕೊಳ್ಳುವುದು ಸರಿಯಾದ ಪರಿಹಾರ. ಅದರಲ್ಲಿ ಉಳಿಸಿದ ಹೆಸರಿಲ್ಲ, ಪಾಸ್‌ವರ್ಡ್ ಇಲ್ಲ, ಬುಕ್‌ಮಾರ್ಕ್ ಇಲ್ಲ.

ಆಗಲೇ ತುಂಬಿರುವ ಪುಟ ತೋರಿಸಬೇಕು, ಆದರೆ ಆಧಾರ್ ಸಂಖ್ಯೆ ಕಾಣಬಾರದು ಎಂದಿದ್ದರೆ ಒಂದು ಉಪಾಯವಿದೆ. ಆ ಸಂಖ್ಯೆಯ ಮೇಲೆ ಬಲಕ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ಒತ್ತಿ. ಬಣ್ಣ ಬದಲಾದ ಸಾಲಿನಲ್ಲಿ ಅದೇ ಸಂಖ್ಯೆ ಕಾಣುತ್ತದೆ. ಅದರ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ಸೊನ್ನೆಗಳನ್ನು ಬರೆದು ಎಂಟರ್ ಒತ್ತಿ. ಪುಟದಲ್ಲಿ ಸೊನ್ನೆಗಳು ಕಾಣುತ್ತವೆ. ಸರ್ಕಾರದ ದಾಖಲೆಯಲ್ಲಿ ಏನೂ ಬದಲಾಗಿರುವುದಿಲ್ಲ, ಪುಟ ರಿಫ್ರೆಶ್ ಮಾಡಿದರೆ ಹಳೆಯದೇ ಮರಳುತ್ತದೆ. ರೆಕಾರ್ಡ್ ಆದ ಮೇಲೆ ಮಸುಕು ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ತೆಳುವಾಗಿ ಮಸುಕು ಮಾಡಿದ ಅಂಕಿಗಳನ್ನು ಊಹಿಸಿ ತೆಗೆಯುವುದು ಅಸಾಧ್ಯವೇನಲ್ಲ. ಮುಚ್ಚಲೇಬೇಕಾದರೆ ಅಪ್ಪಟ ಕಪ್ಪು ಪಟ್ಟಿ ಹಾಕಿ.

ಆನ್‌ಲೈನ್ ಸಭೆಯನ್ನು ಹೀಗೆ ರೆಕಾರ್ಡ್ ಮಾಡುವವರಿಗೆ ಒಂದು ಮಾತು. ಮೀಟಿಂಗ್ ಸಾಫ್ಟ್‌ವೇರಿನದೇ ರೆಕಾರ್ಡಿಂಗ್ ಒತ್ತಿದರೆ ಎಲ್ಲರಿಗೂ ಸೂಚನೆ ಹೋಗುತ್ತದೆ. ಬ್ರೌಸರ್ ರೆಕಾರ್ಡರಿನಿಂದ ಹಿಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಹೇಳಿ ಒಪ್ಪಿಗೆ ಪಡೆಯುವ ಹೊಣೆ ಒತ್ತುವವರದೇ.

ಧ್ವನಿ: ಹೆಚ್ಚು ಕೆಡುವುದು ಇಲ್ಲೇ

ಹತ್ತು ನಿಮಿಷ ರೆಕಾರ್ಡ್ ಮಾಡಿ ನೋಡಿದರೆ ಟ್ಯಾಬ್‌ನ ಧ್ವನಿಯೇ ಇಲ್ಲ, ಮೂಕ ವಿಡಿಯೋ. ಇದಕ್ಕೆ ಕಾರಣ ಬಹುತೇಕ ಒಂದು ಗುಂಡಿ. ಕ್ರೋಮ್‌ನ ಆಯ್ಕೆಯ ಕಿಟಕಿಯ ಕೆಳಗೆ ‘ಟ್ಯಾಬ್‌ನ ಆಡಿಯೋ ಕೂಡ ಹಂಚಿಕೊಳ್ಳಿ’ ಎಂಬ ಗುಂಡಿ ಇರುತ್ತದೆ, ಅದು ಆನ್ ಆಗಿರಬೇಕು. ಟ್ಯಾಬ್ ಆರಿಸಿದರೆ ಅದರ ಧ್ವನಿ ಎಲ್ಲ ಕಂಪ್ಯೂಟರುಗಳಲ್ಲೂ ಸಿಗುತ್ತದೆ. ಇಡೀ ಪರದೆ ಆರಿಸಿದಾಗ ಸಿಸ್ಟಂ ಧ್ವನಿ ವಿಂಡೋಸ್‌ನಲ್ಲಿ ಬರುತ್ತದೆ, ಹಳೆಯ ಮ್ಯಾಕ್‌ಗಳಲ್ಲಿ ಬರುವುದಿಲ್ಲ. ಫೈರ್‌ಫಾಕ್ಸ್, ಸಫಾರಿಗಳಲ್ಲಿ ಈ ದಾರಿಯಿಂದ ಧ್ವನಿಯೇ ಇಲ್ಲ, ಮೈಕ್ ಒಂದೇ. ಹೀಗಾಗಿ ಧ್ವನಿ ಬೇಕಿರುವ ರೆಕಾರ್ಡಿಂಗಿಗೆ ಕ್ರೋಮ್ ಅಥವಾ ಎಡ್ಜ್ ಬಳಸುವುದೇ ವಾಸಿ.

ನಿಮ್ಮ ಮಾತು ಮೈಕ್‌ನಿಂದ ಬರುವ ಪ್ರತ್ಯೇಕ ಹರಿವು. ಟ್ಯಾಬ್‌ನ ಧ್ವನಿ ಮತ್ತು ಮೈಕ್ ಎರಡನ್ನೂ ಪುಟ ಮೊದಲೇ ಬೆರೆಸಿ ಒಂದೇ ಮಾಡಿ ಕೊಡಬೇಕು. ಹಾಗೆ ಬೆರೆಸದ ರೆಕಾರ್ಡರ್‌ಗಳಲ್ಲಿ ಎರಡರಲ್ಲಿ ಒಂದು ಮಾತ್ರ ಫೈಲಿಗೆ ಇಳಿಯುತ್ತದೆ. ಸ್ಪೀಕರ್ ಆನ್ ಇಟ್ಟುಕೊಂಡು ಎರಡನ್ನೂ ಹಿಡಿದರೆ ಟ್ಯಾಬ್‌ನ ಧ್ವನಿ ನೇರವಾಗಿ ಒಮ್ಮೆ, ಮೈಕ್ ಮೂಲಕ ತುಸು ತಡವಾಗಿ ಇನ್ನೊಮ್ಮೆ ಬಂದು ಬಾವಿಯೊಳಗೆ ಮಾತಾಡಿದ ಹಾಗಾಗುತ್ತದೆ. ಇಯರ್‌ಫೋನ್ ಹಾಕಿಕೊಳ್ಳಿ. ಬ್ಲೂಟೂತ್ ಬೇಡ, ತಂತಿಯದೇ ಇರಲಿ. ಬ್ಲೂಟೂತ್ ಹೆಡ್‌ಸೆಟ್‌ನ ಮೈಕ್ ಶುರುವಾದ ಕೂಡಲೇ ಅದು ಫೋನ್ ಕರೆಯ ಸ್ಥಿತಿಗೆ ಇಳಿಯುತ್ತದೆ, ದನಿ ಹಳೆಯ ಲ್ಯಾಂಡ್‌ಲೈನ್‌ನಂತೆ ಸೊರಗುತ್ತದೆ. ನೂರೈವತ್ತು ರೂಪಾಯಿಯ ತಂತಿ ಇಯರ್‌ಫೋನ್ ಇಲ್ಲಿ ದುಬಾರಿ ಇಯರ್‌ಬಡ್ ಅನ್ನು ಸೋಲಿಸುತ್ತದೆ.

ಮ್ಯಾಕ್ ಬಳಸುವವರಿಗೆ ಚಿತ್ರವೇ ಬಾರದಿದ್ದರೆ ಸಿಸ್ಟಂ ಸೆಟ್ಟಿಂಗ್ಸ್‌ನ ‘ಪ್ರೈವೆಸಿ ಅಂಡ್ ಸೆಕ್ಯುರಿಟಿ’ಯಲ್ಲಿ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಬ್ರೌಸರಿಗೆ ಇದೆಯೇ ನೋಡಬೇಕು. 2019ರ ಕ್ಯಾಟಲಿನಾದಿಂದ ಈ ಬೀಗ ಇದೆ. ಕೊಟ್ಟ ಮೇಲೆ ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯಬೇಕು. ಮೊಬೈಲಿನಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಆಂಡ್ರಾಯ್ಡ್ ಕ್ರೋಮ್ ಆಗಲಿ ಐಫೋನ್ ಸಫಾರಿ ಆಗಲಿ ಪುಟಗಳಿಗೆ ಪರದೆ ಕೊಡುವುದಿಲ್ಲ. ಫೋನಿನ ಒಳಗೇ ಇರುವ ರೆಕಾರ್ಡರ್ ಬಳಸಿ. ಐಫೋನ್‌ಗೆ ಅದು ಐಓಎಸ್ 11ರಿಂದ, ಆಂಡ್ರಾಯ್ಡ್‌ಗೆ 11ನೇ ಆವೃತ್ತಿಯಿಂದ ಬಂದಿದೆ.

ಗಾತ್ರ ಮತ್ತು ಒತ್ತಕ್ಷರ

ಪುಟ ಏನನ್ನೂ ಹೇಳದಿದ್ದರೆ ಬ್ರೌಸರ್ ಸಾಮಾನ್ಯವಾಗಿ ವಿಡಿಯೋಗೆ ಸೆಕೆಂಡಿಗೆ 2.5 ಮೆಗಾಬಿಟ್ ಎಂದು ಹಿಡಿಯುತ್ತದೆ. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ನಿಮಿಷಕ್ಕೆ ಸುಮಾರು 19 ಎಂಬಿ, ಹತ್ತು ನಿಮಿಷಕ್ಕೆ 190 ಎಂಬಿಯ ಹತ್ತಿರ. ಇದು ಗರಿಷ್ಠ ಅಂದಾಜು. ಪರದೆ ಅಲ್ಲಾಡದೆ ನಿಂತಿದ್ದರೆ ಹೊಸ ಚಿತ್ರವೇ ಹುಟ್ಟುವುದಿಲ್ಲ, ಗಾತ್ರ ಅರ್ಧಕ್ಕಿಂತ ಕಡಿಮೆಯೂ ಆಗುತ್ತದೆ. ಸ್ಲೈಡ್ ಪಾಠಕ್ಕೆ 1 ಮೆಗಾಬಿಟ್, ಸೆಕೆಂಡಿಗೆ 15 ಫ್ರೇಮ್ (ಬಿಡಿ ಚಿತ್ರ) ಸಾಕು. ಸಾಫ್ಟ್‌ವೇರ್ ತೋರಿಸಲು 2.5, ಜೋರಾಗಿ ಸ್ಕ್ರಾಲ್ ಮಾಡುವುದಿದ್ದರೆ 5.

ಕನ್ನಡ ತೋರಿಸುವವರು ಈ ಅಂಕಿಯಲ್ಲಿ ತೀರಾ ಜಿಪುಣತನ ಮಾಡಬಾರದು. ಇಂಗ್ಲಿಷ್ ಅಕ್ಷರ ತುಸು ಮಸುಕಾದರೂ ಓದಬಹುದು. ‘ಸ್ತ್ರೀ’, ‘ರಾಷ್ಟ್ರ’, ‘ಲಕ್ಷ್ಮಿ’ಗಳಲ್ಲಿ ಸಾಲಿನ ಕೆಳಗೆ ಕೂತಿರುವ ಒತ್ತುಗಳು ನಾಲ್ಕಾರು ಪಿಕ್ಸೆಲ್ ಎತ್ತರದವು. ಬಿಟ್‌ರೇಟ್ (ಸೆಕೆಂಡಿಗೆ ಇಷ್ಟು ಬಿಟ್ ಎಂಬ ಈ ಅಂಕಿ) ಇಳಿದಾಗ ಎನ್‌ಕೋಡರ್ (ಕುಗ್ಗಿಸುವ ಭಾಗ) ಮೊದಲು ಬಲಿ ಕೊಡುವುದು ಇಂಥ ಸಣ್ಣ ಗೆರೆಗಳನ್ನೇ. ಸ್ಕ್ರಾಲ್ ಮಾಡಿ ನಿಲ್ಲಿಸಿದಾಗ ಒತ್ತುಗಳು ಮೊದಲು ಕಲೆಯಾಗಿ ಕಂಡು, ಒಂದು ಸೆಕೆಂಡ್ ಆದ ಮೇಲೆ ತಿಳಿಯಾಗುವುದನ್ನು ಗಮನಿಸಿರಬಹುದು. ಬಣ್ಣದ ಅಕ್ಷರಗಳಿಗೆ ಕಷ್ಟ ಇನ್ನೂ ಹೆಚ್ಚು. ಈ ವಿಡಿಯೋಗಳಲ್ಲಿ ಬಣ್ಣದ ಮಾಹಿತಿಯನ್ನು ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಉಳಿಸುತ್ತಾರೆ, ಹೊಳಪನ್ನು ಮಾತ್ರ ಪೂರ್ತಿ ಉಳಿಸುತ್ತಾರೆ. ನೀಲಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರ ಇಟ್ಟರೆ ಅಂಚು ಹರಡಿಬಿಡುವುದು ಅದರಿಂದ. ಬಿಳಿಯ ಮೇಲೆ ಕಪ್ಪು ಇಡಿ, ಪುಟವನ್ನು 125 ಅಥವಾ 150 ಶೇಕಡಾ ಜೂಮ್ ಮಾಡಿ, ನಿಧಾನವಾಗಿ ಸ್ಕ್ರಾಲ್ ಮಾಡಿ. ಬಿಟ್‌ರೇಟ್ ಏರಿಸುವುದಕ್ಕಿಂತ ಜೂಮ್ ಮಾಡುವುದರಿಂದ ಲಾಭ ಜಾಸ್ತಿ. ನೋಡುವವರಲ್ಲಿ ಅರ್ಧಕ್ಕರ್ಧ ಮಂದಿ ಫೋನಿನಲ್ಲೇ ನೋಡುತ್ತಾರೆ ಎಂದುಕೊಂಡೇ ಅಕ್ಷರದ ಗಾತ್ರ ಇಡಿ.

ಹಳೆಯ ಲ್ಯಾಪ್‌ಟಾಪ್‌ನಲ್ಲಿ ಚಿತ್ರ ತಡವರಿಸಿದರೆ ಕೋಡೆಕ್ (ವಿಡಿಯೋ ಕುಗ್ಗಿಸುವ ವಿಧಾನ) ಬದಲಿಸಿ ನೋಡಿ. ವಿಪಿ9 ಫೈಲನ್ನು ಚಿಕ್ಕದು ಮಾಡುತ್ತದೆ, ಪ್ರೊಸೆಸರನ್ನು ಸುಸ್ತು ಮಾಡುತ್ತದೆ. ವಿಪಿ8 ಅಥವಾ ಎಚ್.264 ಹಗುರ.

ಫೈಲ್ ಬಂದ ಮೇಲಿನ ತಕರಾರುಗಳು

ವಿಡಿಯೋ ಓಡುತ್ತದೆ, ಆದರೆ ಎಷ್ಟು ಉದ್ದವೆಂದು ತೋರಿಸುವುದಿಲ್ಲ, ಎಳೆದರೆ ಮುಂದೆ ಹೋಗುವುದಿಲ್ಲ. ಫೈಲ್ ಕೆಟ್ಟಿದೆ ಎಂದುಕೊಂಡು ಮತ್ತೆ ರೆಕಾರ್ಡ್ ಮಾಡುವವರಿದ್ದಾರೆ. ಕೆಟ್ಟಿಲ್ಲ. ಬ್ರೌಸರ್ ರೆಕಾರ್ಡರುಗಳು ಹೆಚ್ಚಾಗಿ ಕೊಡುವ ವೆಬ್‌ಎಂ ಬಗೆಯ ಫೈಲಿನಲ್ಲಿ ಒಟ್ಟು ಅವಧಿಯನ್ನು ತಲೆಭಾಗದಲ್ಲಿ ಬರೆಯಬೇಕು. ರೆಕಾರ್ಡಿಂಗ್ ಶುರುವಾದಾಗ ಆ ತಲೆಭಾಗ ಮೊದಲೇ ಬರೆದಾಗಿರುತ್ತದೆ, ಎಷ್ಟು ಹೊತ್ತು ನಡೆಯುತ್ತದೆ ಎಂದು ಆಗ ಯಾರಿಗೆ ಗೊತ್ತು? ಎಲ್ಲಿ ಏನಿದೆ ಎಂಬ ಸೂಚಿಯೂ ಇರುವುದಿಲ್ಲ. ಒಳ್ಳೆಯ ರೆಕಾರ್ಡರುಗಳು ಉಳಿಸುವಾಗ ಇದನ್ನು ಸರಿಪಡಿಸುತ್ತವೆ. ಇಲ್ಲದಿದ್ದರೆ ನಿಮ್ಮ ಕಂಪ್ಯೂಟರಿನಲ್ಲೇ ಓಡುವ ಎಫ್‌ಎಫ್‌ಎಂಪೆಗ್ ಎಂಬ ಪ್ರೋಗ್ರಾಂನಲ್ಲಿ ಕೋಡೆಕ್ ಮುಟ್ಟದೆ ಹಾಗೇ ನಕಲು ಮಾಡಿಸಿದರೆ ಕೆಲವೇ ಸೆಕೆಂಡಿನಲ್ಲಿ ಹೊಸ ತಲೆಭಾಗದೊಂದಿಗೆ ಫೈಲ್ ಬರುತ್ತದೆ, ಗುಣಮಟ್ಟ ಕಿಂಚಿತ್ತೂ ಕಡಿಮೆಯಾಗುವುದಿಲ್ಲ. ಪರಿವರ್ತಿಸಿಕೊಡುವ ಯಾವುದೋ ವೆಬ್‌ಸೈಟಿಗೆ ಫೈಲ್ ಹಾಕಲು ಹೋಗಬೇಡಿ. ಇಷ್ಟು ಹೊತ್ತು ಕಾಯ್ದುಕೊಂಡ ಖಾಸಗಿತನ ಅಲ್ಲಿ ಮುಗಿಯಿತು.

ಎಂಪಿ4 ಬೇಕಾದವರಿಗೆ ಕ್ರೋಮ್ 126ರಿಂದ ಈಚೆಗೆ ನೇರವಾಗಿ ಎಂಪಿ4 ಬರೆಯುವ ಸೌಲಭ್ಯ ಇದೆ, ರೆಕಾರ್ಡರ್ ಪುಟ ಅದನ್ನು ಬಳಸಿಕೊಂಡಿರಬೇಕು ಅಷ್ಟೇ. ಸಫಾರಿ ಮೊದಲಿನಿಂದಲೂ ಎಂಪಿ4 ಕೊಡುತ್ತದೆ. ಉಳಿದವರು ಕಂಪ್ಯೂಟರಿನಲ್ಲೇ ಓಡುವ ಹ್ಯಾಂಡ್‌ಬ್ರೇಕ್ ಎಂಬ ಪರಿವರ್ತಿಸುವ ಪ್ರೋಗ್ರಾಂ ಬಳಸಬಹುದು. ಅದರ ವಿಡಿಯೋ ವಿಭಾಗದಲ್ಲಿ ಫ್ರೇಮ್‌ರೇಟ್ 30, ‘ಕಾನ್‌ಸ್ಟಂಟ್’ ಎಂದು ಆರಿಸುವುದು ಮುಖ್ಯ. ಪರದೆಯ ರೆಕಾರ್ಡಿಂಗ್‌ನಲ್ಲಿ ಫ್ರೇಮ್‌ಗಳು ಸಮನಾದ ಅಂತರದಲ್ಲಿ ಇರುವುದಿಲ್ಲ. ಹಾಗೇ ಎಡಿಟಿಂಗ್ ಸಾಫ್ಟ್‌ವೇರಿಗೆ ಹಾಕಿದರೆ ಹತ್ತನೇ ನಿಮಿಷದ ಹೊತ್ತಿಗೆ ಮಾತು ಒಂದು ಕಡೆ, ಮೌಸ್ ಒಂದು ಕಡೆ ಆಗಿರುತ್ತದೆ.

ಮೂಲೆಯಲ್ಲಿ ಮುಖದ ಗುಂಡು ಚಿತ್ರ ಇಟ್ಟು ರೆಕಾರ್ಡ್ ಮಾಡಿದಾಗ ಇಡೀ ವಿಡಿಯೋ ಸ್ಥಿರಚಿತ್ರವಾಗಿ ನಿಂತಿದ್ದರೆ, ತಪ್ಪು ರೆಕಾರ್ಡರ್ ಕಟ್ಟಿದವರದು. ಎರಡು ಚಿತ್ರ ಸೇರಿಸಲು ಪುಟ ಒಂದು ಕ್ಯಾನ್ವಾಸ್ ಮೇಲೆ ಬಿಡಿಸುತ್ತಿರುತ್ತದೆ. ನೀವು ಬೇರೆ ಟ್ಯಾಬ್‌ಗೆ ಹೋದ ಕೂಡಲೇ ಬ್ರೌಸರ್ ಹಿಂದುಳಿದ ಟ್ಯಾಬ್‌ನ ಚಿತ್ರ ಬಿಡಿಸುವ ಕೆಲಸವನ್ನು ನಿಲ್ಲಿಸಿಬಿಡುತ್ತದೆ. ಸದ್ಯಕ್ಕೆ ರೆಕಾರ್ಡರ್ ಪುಟವನ್ನು ಬೇರೆಯೇ ವಿಂಡೋದಲ್ಲಿ ಇಟ್ಟು, ಅದರ ಒಂದು ಅಂಚಾದರೂ ಕಾಣುವಂತೆ ಜೋಡಿಸಿಕೊಂಡರೆ ದಾರಿಯಾಗುತ್ತದೆ. ಓಟಿಟಿ ಸಿನಿಮಾ ರೆಕಾರ್ಡ್ ಮಾಡಿದಾಗ ಬರುವ ಕಪ್ಪು ಚೌಕ ಮಾತ್ರ ದೋಷವಲ್ಲ, ನಕಲು ತಡೆಯುವ ರಕ್ಷಣೆ. ಅದಕ್ಕೆ ಪರಿಹಾರ ಹುಡುಕಬೇಕಾಗಿಲ್ಲ.

ನಿಲ್ಲಿಸಿದ ತಕ್ಷಣ ಉಳಿಸಿ. ಉಳಿಸುವವರೆಗೆ ವಿಡಿಯೋ ಸಾಮಾನ್ಯವಾಗಿ ಆ ಟ್ಯಾಬ್‌ನ ಜೀವದೊಂದಿಗೆ ಅಂಟಿಕೊಂಡಿರುತ್ತದೆ. ರಿಫ್ರೆಶ್ ಆದರೆ ಹೋಯಿತು. ಊಟ ಮಾಡಿ ಬರೋಣ ಎಂದು ಬಿಟ್ಟುಹೋದರೆ ಮೆಮೊರಿ ಉಳಿಸುವ ಹೆಸರಲ್ಲಿ ಬ್ರೌಸರೇ ಟ್ಯಾಬ್ ಖಾಲಿ ಮಾಡಿರಬಹುದು. ಅರ್ಧ ಗಂಟೆಗಿಂತ ಉದ್ದದ ಪಾಠವನ್ನು ಹತ್ತು ಹತ್ತು ನಿಮಿಷದ ತುಂಡುಗಳಾಗಿ ಮಾಡುವುದು ಕ್ಷೇಮ. ಕಳಿಸುವಾಗ ವಾಟ್ಸಾಪ್‌ನಲ್ಲಿ ವಿಡಿಯೋ ಆಗಿ ಹಾಕದೆ ಡಾಕ್ಯುಮೆಂಟ್ ಆಗಿ ಹಾಕಿ. ವಿಡಿಯೋ ಆಗಿ ಹಾಕಿದರೆ ಅದು ಮತ್ತೆ ಕುಗ್ಗಿಸುತ್ತದೆ, ಒತ್ತಕ್ಷರಗಳು ಎರಡನೇ ಸಲ ಸಾಯುತ್ತವೆ. ಡಾಕ್ಯುಮೆಂಟ್‌ಗೆ 2 ಜಿಬಿವರೆಗೆ ಅವಕಾಶವಿದೆ.

ಕೊನೆಯದಾಗಿ, ಕಚೇರಿಯ ಅಥವಾ ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿದವರು ಡೌನ್‌ಲೋಡ್ಸ್ ಫೋಲ್ಡರಿನಿಂದ ಫೈಲ್ ಅಳಿಸಿ ರೀಸೈಕಲ್ ಬಿನ್ ಖಾಲಿ ಮಾಡಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಕ್ರ್ಯಾಶ್ ಆದರೂ ವಿಡಿಯೋ ಹೋಗದಿರಲಿ ಎಂದು ಕೆಲವು ರೆಕಾರ್ಡರುಗಳು ಬ್ರೌಸರಿನ ಸ್ವಂತ ಜಾಗದಲ್ಲಿ ಒಂದು ಪ್ರತಿ ಇಟ್ಟುಕೊಂಡಿರುತ್ತವೆ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವೆಸಿ ಅಂಡ್ ಸೆಕ್ಯುರಿಟಿ’, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅಲ್ಲಿ ಸೈಟ್‌ಗಳು ಉಳಿಸಿದ ಡೇಟಾದ ಪಟ್ಟಿ ತೆರೆಯಿರಿ. ಪ್ರತಿ ಸೈಟಿನ ಮುಂದೆ ಅದು ಹಿಡಿದಿರುವ ಜಾಗ ಬರೆದಿರುತ್ತದೆ. ರೆಕಾರ್ಡರ್ ಪುಟದ ಹೆಸರಿನ ಮುಂದೆ ಕೆಲವು ಕೆಬಿ ಇದ್ದರೆ ಚಿಂತೆಯಿಲ್ಲ. 180 ಎಂಬಿ ಎಂದಿದ್ದರೆ ನಿಮ್ಮ ವಿಡಿಯೋ ಇನ್ನೂ ಅಲ್ಲೇ ಇದೆ. ಪಕ್ಕದ ಡಿಲೀಟ್ ಗುರುತು ಒತ್ತಿ ಎದ್ದು ಬನ್ನಿ.